ತಂತಿ ನೆಲ ಮುಟ್ಟಿದ ಜಾಗ

ಪುತ್ತೂರಿನ ಮೊದಲ ಬಸ್ಸಿನಿಂದ ಪರೀಕ್ಷೆಯ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಾನು ಕಡಬದಲ್ಲಿ ಇಳಿದಾಗ, ಅಂಚೆ ಕಚೇರಿಯ ಜಗಲಿಯಲ್ಲಿ ಒಬ್ಬ ಹೆಂಗಸು ಗೋಡೆಗೂ ಒರಗದೆ ನೆಟ್ಟಗೆ ಕುಳಿತಿದ್ದರು. ಅವರು ಯಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಹಿಂದಿನ ದಿನ ಬೆಳಿಗ್ಗೆ ತಂತಿಯ ದಾರಿ ಹಿಡಿದು ಕಾಡಿಗೆ ಹೋದ ಲೈನ್‌ಮನ್ ಇನ್ನೂ ಬಂದಿಲ್ಲ ಎಂಬ ಸುದ್ದಿಯ ಮೇಲೆಯೇ ನನ್ನನ್ನು ಕಳಿಸಿದ್ದರು. ಈಕೆ ಅವನ ಹೆಂಡತಿ.

ಅರವತ್ತರ ದಶಕದ ಮೊದಲ ವರ್ಷಗಳ ಮಾತು ಇದು. ನಾನು ತಂತಿ ಇಲಾಖೆಯಲ್ಲಿ ತರಬೇತಿ ಮುಗಿಸಿ ಹೆಚ್ಚು ಕಾಲವಾಗಿರಲಿಲ್ಲ. ಕಡಬದಿಂದ ಸುಬ್ರಹ್ಮಣ್ಯಕ್ಕೆ ಹನ್ನೆರಡು ಮೈಲಿ ತಂತಿ. ಅದು ಸ್ವಲ್ಪ ದೂರ ರಸ್ತೆಯ ಜೊತೆ ಹೋಗಿ, ಆಮೇಲೆ ದಾರಿ ಉಳಿಸಲು ನೇರವಾಗಿ ರಕ್ಷಿತಾರಣ್ಯದೊಳಗೆ ನುಗ್ಗುತ್ತಿತ್ತು. ಮರದ ಕಂಬಗಳ ಮೇಲೆ ಎರಡು ಕಬ್ಬಿಣದ ತಂತಿ: ಮೇಲಿನದ್ದು ಮಾತಿಗೆ, ಕೆಳಗಿನದ್ದು ತಂತಿ ಸಂದೇಶಕ್ಕೆ. ಕೆಳಗಿನ ತಂತಿ ಎಲ್ಲೋ ಗಿಡಬಳ್ಳಿಗೆ ತಾಗುತ್ತಿದೆ ಎಂಬ ದೂರಿತ್ತು. ಅದನ್ನು ನೋಡಿ ಸರಿಮಾಡಲು ಅವನು ಹೋಗಿದ್ದ.

ಪೋಸ್ಟ್‌ಮಾಸ್ತರರು ನನ್ನನ್ನು ಒಳಗೆ ಕರೆದು ಬಾಗಿಲು ಅರ್ಧ ಹಾಕಿದರು.

"ನಿನ್ನೆ ಮಧ್ಯಾಹ್ನದವರೆಗೆ ಕೆಳಗಿನ ತಂತಿಯಲ್ಲಿ ಹೇಗೋ ಕೆಲಸ ನಡೀತಿತ್ತು ಮಾರಾಯ್ರೆ. ಊಟ ಮಾಡಿ ಬಂದು ನೋಡ್ತೇನೆ, ಪೂರ್ತಿ ನೆಲಕ್ಕೆ ಬಿದ್ದ ಹಾಗೆ. ಅವನ ಹತ್ರ ಕೈಫೋನ್ ಉಂಟು. ಮೇಲಿನ ತಂತಿಗೆ ಸಿಕ್ಕಿಸಿ ಎರಡು ಮಾತು ಹೇಳ್ಬಹುದಿತ್ತು. ಹೇಳ್ಲಿಲ್ಲ."

"ಹುಡುಕಲಿಕ್ಕೆ ಹೋಗಲಿಲ್ವಾ?"

"ಸಾಯಂಕಾಲ ಸುಬ್ರಹ್ಮಣ್ಯದ ಕಡೆಯಿಂದ ನಾಲ್ಕು ಜನ ಹೋಗಿದ್ರು. ಆನೆ ಉಂಟು ಅಂತ ವಾಪಸು ಬಂದ್ರು."

ಅವರು ಹೇಳದೆ ಬಿಟ್ಟದ್ದನ್ನು ನಾನೇ ಜೋಡಿಸಿಕೊಂಡೆ. ಗೆದ್ದಲು ಹಿಡಿದ ಮರದ ಕಂಬವನ್ನು ಅವನು ಹತ್ತಿದ್ದಾನೆ, ಕಂಬ ಬುಡದಿಂದ ಮುರಿದಿದೆ. ಹಾಗಿದ್ದರೆ ತಂತಿ ಎಲ್ಲಿ ನೆಲ ಮುಟ್ಟಿದೆಯೋ ಅಲ್ಲೇ ಅವನೂ ಇದ್ದಾನೆ. ಹೇಗಿದ್ದಾನೆ ಎಂಬುದನ್ನು ಯೋಚಿಸುವ ಧೈರ್ಯ ನನಗಿರಲಿಲ್ಲ.

ಹನ್ನೆರಡು ಮೈಲಿಯನ್ನೂ ನಡೆದು ನೋಡುವುದು ಆ ದಿನ ಆಗುವ ಕೆಲಸವಲ್ಲ. ತಂತಿಯ ಕೆಳಗಿನ ದಾರಿಯಲ್ಲಿ ಆಳೆತ್ತರದ ಪೊದೆ ಬೆಳೆದಿತ್ತು. ಎಂಟನೇ ಮೈಲಿಯಲ್ಲಿ ಒಂದು ದೊಡ್ಡ ಹಳ್ಳ ಅಡ್ಡ ಬರುತ್ತಿತ್ತು, ಅಲ್ಲಿ ದಾಟಲಿಕ್ಕೆ ಸಂಕವಿಲ್ಲ. ಅರಣ್ಯ ಇಲಾಖೆಯ ಫಾರೆಸ್ಟರು ಮರ ಸಾಗಿಸುವ ಒಂದು ಲಾರಿ ಹಿಡಿದು ತಂದು ಅಂಗಳದಲ್ಲಿ ನಿಲ್ಲಿಸಿದ್ದರು. ಮರ ಸಾಗಿಸುವ ಕೂಪು ರಸ್ತೆ ಹಿಡಿದು ಹಳ್ಳದ ಈಚೆ ದಡದ ಹತ್ತಿರ ಹೋಗಬಹುದು. ಇಲ್ಲವೇ ಸುಬ್ರಹ್ಮಣ್ಯದ ರಸ್ತೆಯಲ್ಲಿ ಸುತ್ತಿ ಆಚೆ ದಡಕ್ಕೆ ಹೋಗಬಹುದು. ಎರಡೂ ಕಡೆ ಹೋಗಿಬರುವಷ್ಟು ಹೊತ್ತಿಲ್ಲ.

"ಕತ್ತಲೆಗೆ ಮುಂಚೆ ನನ್ನ ಜನ ಕಾಡಿನಿಂದ ಹೊರಗೆ ಬರ್ಬೇಕು," ಎಂದರು ಫಾರೆಸ್ಟರು. "ಯಾವ ದಡ ಅಂತ ನೀವು ಹೇಳಿ. ತಪ್ಪಿದ್ರೆ ಮತ್ತೆ ನಾಳೆಯೇ."

ನಾಳೆ ಎಂಬ ಮಾತು ಜಗಲಿಯವರೆಗೂ ಕೇಳಿಸಿತು. ಆ ಹೆಂಗಸು ತಲೆ ಎತ್ತಲಿಲ್ಲ.

ನಾನು ಪೆಟ್ಟಿಗೆ ಬಿಚ್ಚಿದೆ. ತಂತಿ ವಿದ್ಯುತ್ತಿಗೆ ಎಷ್ಟು ತಡೆ ಒಡ್ಡುತ್ತದೆ ಎಂದು ಅಳೆಯುವ ಸಾಧನ ಅದು. ಕೀಲಿ ಎಂಬ ಗುಂಡಿ ಒತ್ತಿ ತಂತಿಗೆ ಕರೆಂಟು ಬಿಟ್ಟು, ಪೆಟ್ಟಿಗೆಯ ಗುಬುಟುಗಳನ್ನು ತಿರುಗಿಸುತ್ತ ಮಧ್ಯದ ಮುಳ್ಳನ್ನು ಸೊನ್ನೆಗೆ ತರಬೇಕು. ಆಗ ಗುಬುಟುಗಳು ತೋರಿಸುವುದೇ ತಡೆಯ ಲೆಕ್ಕ. ಇಂಥದೇ ಇನ್ನೊಂದು ಪೆಟ್ಟಿಗೆ ಸುಬ್ರಹ್ಮಣ್ಯದಲ್ಲಿದ್ದ ನಮ್ಮ ಇಲಾಖೆಯ ಇನ್‌ಸ್ಪೆಕ್ಟರ ಬಳಿ ಇತ್ತು. ಅವರ ಜೊತೆ ಮೇಲಿನ ತಂತಿಯಲ್ಲಿ ಮಾತಾಡಬಹುದಿತ್ತು. ದನಿ ಮಾತ್ರ ಬಾವಿಯೊಳಗಿನಿಂದ ಬಂದ ಹಾಗೆ.

ನಾನು ಏನು ಮಾಡಲು ಹೊರಟಿದ್ದೇನೆ ಎಂದು ಪೋಸ್ಟ್‌ಮಾಸ್ತರರಿಗೆ ತಿಳಿಯಬೇಕಿತ್ತು. ಬ್ಯಾಟರಿ ಕೋಣೆಯ ಕಪ್ಪು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ನಮಗೆ ಗೊತ್ತಿಲ್ಲದ್ದು ಮೂರು. ಕಡಬದಿಂದ ಬಿದ್ದ ಜಾಗದವರೆಗಿನ ತಂತಿಯ ತಡೆ, ಅದಕ್ಕೆ ‘ಕ’ ಎಂದು ಹೆಸರಿಟ್ಟೆ. ಅಲ್ಲಿಂದ ಸುಬ್ರಹ್ಮಣ್ಯದವರೆಗಿನದು ‘ಸು’. ತಂತಿಯಿಂದ ಕರೆಂಟು ನೆಲಕ್ಕಿಳಿಯುವಲ್ಲಿ ತರಗೆಲೆ, ಕಲ್ಲು, ಮಣ್ಣು ಒಡ್ಡುವ ತಡೆ ‘ನೆ’.

"ಇಲ್ಲಿಂದ ಅಳೆದ್ರೆ ಕ ಮತ್ತು ನೆ ಸೇರಿ ಬರ್ತದೆ. ಅಲ್ಲಿಂದ ಅಳೆದ್ರೆ ಸು ಮತ್ತು ನೆ. ತಂತಿ ಸರಿ ಇದ್ದಾಗಿನ ಹಳೆ ಅಳತೆ ನಮ್ಮಲ್ಲಿ ಉಂಟು, ಕ ಮತ್ತು ಸು ಸೇರಿ ನೂರ ಎಂಬತ್ತು ಓಮ್. ಮೈಲಿಗೆ ಹದಿನೈದು."

"ಆ ನೆಲದ್ದು ಎಷ್ಟು ಅಂತ ಹೇಗೆ ಗೊತ್ತಾಗುದು?"

"ಗೊತ್ತಾಗುದು ಬೇಡ. ಒಂದು ಸಮೀಕರಣದಿಂದ ಇನ್ನೊಂದನ್ನು ಕಳೆದ್ರೆ ನೆ ಎರಡರಿಂದಲೂ ಹೋಗ್ತದೆ. ಉಳಿಯುದು ಕ ಮತ್ತು ಸು ನಡುವಿನ ವ್ಯತ್ಯಾಸ. ಮೊತ್ತ ಗೊತ್ತುಂಟು, ವ್ಯತ್ಯಾಸ ಸಿಕ್ತದೆ. ಮತ್ತೆ ಎರಡನ್ನೂ ಬಿಡಿಸ್ಬಹುದು."

ಹೈಸ್ಕೂಲಿನಲ್ಲಿ ಎಲ್ಲರೂ ಮಾಡುವ ಲೆಕ್ಕ. ಬಾಯಲ್ಲಿ ಹೇಳುವಾಗ ನನಗೇ ಧೈರ್ಯ ಬಂದ ಹಾಗಾಯಿತು.

ಸುಬ್ರಹ್ಮಣ್ಯದಲ್ಲಿ ತಂತಿಯ ತುದಿ ಬಿಚ್ಚಿಡಲು ಹೇಳಿ ಅಳೆದೆ. ನಾನೂರ ಹದಿನೈದು. ಆಮೇಲೆ ನನ್ನ ತುದಿ ಬಿಚ್ಚಿಟ್ಟು, ಅಳೆಯಿರಿ ಎಂದು ಇನ್‌ಸ್ಪೆಕ್ಟರಿಗೆ ಹೇಳಿದೆ. ಅವರ ಬ್ಯಾಟರಿ ಸೋತಿತ್ತು. ಬೇರೆ ತರಿಸಿ ಜೋಡಿಸುವಷ್ಟರಲ್ಲಿ ಒಂದು ಗಂಟೆಯೇ ಹೋಯಿತು. ಆ ನಡುವೆ ಗುಡುಗಿ ಒಂದು ಮಳೆ ಜೋರಾಗಿ ಸುರಿದು ನಿಂತಿತು. ಕೊನೆಗೆ ಅವರ ದನಿ ಬಂತು: ಮುನ್ನೂರ ಇಪ್ಪತ್ತೈದು.

ಕಳೆದೆ, ಕೂಡಿದೆ, ಅರ್ಧ ಮಾಡಿದೆ. ಕ ಎಂದರೆ ನೂರ ಮೂವತ್ತೈದು. ಒಂಬತ್ತು ಮೈಲಿ. ಹಳ್ಳದ ಆಚೆ ದಡ.

"ಆಚೆ," ಎಂದೆ. ಫಾರೆಸ್ಟರು ಅಷ್ಟಕ್ಕೇ ಕಾಯುತ್ತಿದ್ದರು. ಜನ ಲಾರಿ ಹತ್ತಿದರು, ಡ್ರೈವರ್ ಹ್ಯಾಂಡಲ್ ಹಾಕಿ ತಿರುಗಿಸಿದ.

ಪೆಟ್ಟಿಗೆ ಮುಚ್ಚುವ ಮೊದಲು ಇನ್ನೊಮ್ಮೆ ಅಳೆಯಬೇಕು ಎಂಬುದು ತರಬೇತಿಯಲ್ಲಿ ಕಲಿಸಿದ ಪಾಠ. ಅಭ್ಯಾಸಬಲದಿಂದ ತಂತಿ ಸಿಕ್ಕಿಸಿ, ನಾನೂರ ಹದಿನೈದಕ್ಕೇ ಇಟ್ಟಿದ್ದ ಗುಬುಟುಗಳನ್ನು ಮುಟ್ಟದೆ ಕೀಲಿ ಒತ್ತಿದೆ. ಮುಳ್ಳು ಒಂದು ಬದಿಗೆ ಹೋಗಿ ಬಡಿಯಿತು. ಗುಬುಟುಗಳನ್ನು ಇಳಿಸುತ್ತ ಹೋದೆ. ನಾನೂರು, ಮುನ್ನೂರ ಎಂಬತ್ತು, ಮುನ್ನೂರ ಐವತ್ತು. ಮುಳ್ಳು ಸೊನ್ನೆಗೆ ಬಂದು ನಿಂತದ್ದು ಮುನ್ನೂರ ಮೂವತ್ತೈದರಲ್ಲಿ.

ತಂತಿ ಅದೇ, ಬಿದ್ದ ಜಾಗ ಅದೇ. ಎಂಬತ್ತು ಓಮ್ ಎಲ್ಲಿಗೆ ಹೋಯಿತು? ಈ ಹೊಸ ಅಂಕಿ ಹಾಕಿ ಲೆಕ್ಕ ಮಾಡಿದರೆ ಕ ಬರುವುದು ತೊಂಬತ್ತೈದು. ಆರು ಮೈಲಿ ಚಿಲ್ಲರೆ. ಹಳ್ಳದ ಈಚೆ.

ಲಾರಿ ಅಂಗಳ ದಾಟುತ್ತಿತ್ತು. ನಾನು ಓಡಿಹೋಗಿ ಬಾನೆಟ್ಟಿನ ಮೇಲೆ ಕೈಯಿಟ್ಟೆ.

"ನಿಲ್ಲಿಸಿ. ಆಚೆ ದಡ ಅಂತ ಹೇಳ್ಲಿಕ್ಕೆ ಬರುದಿಲ್ಲ."

"ಈಗ ನೀವೇ ಹೇಳಿದ್ದಲ್ವಾ?" ಫಾರೆಸ್ಟರ ಮುಖ ಕೆಂಪಾಗಿತ್ತು.

"ಹೇಳಿದ್ದು ಹೌದು. ಈಗ ಗೊತ್ತಿಲ್ಲ."

"ಗೊತ್ತಿಲ್ಲ ಅಂತ ಇಲ್ಲಿ ಕೂತರೆ ಅವನು ಬದುಕ್ತಾನಾ ಮಾರಾಯ್ರೆ? ಏನಾದ್ರೂ ಒಂದು ಹೇಳಿ."

ಏನಾದರೂ ಒಂದು ಹೇಳುವುದು ಬಹಳ ಸುಲಭವಿತ್ತು. ಲಾರಿ ಹೋಗುತ್ತಿತ್ತು, ಆಮೇಲಿನದಕ್ಕೆ ಕಾಡು ಹೊಣೆಯಾಗುತ್ತಿತ್ತು. ನಾನು ಬಾನೆಟ್ಟಿನಿಂದ ಕೈ ತೆಗೆಯಲಿಲ್ಲ. ಅರ್ಧ ಗಂಟೆ ಕೊಡಿ ಎಂದೆ. ಅವರು ಗಡಿಯಾರ ನೋಡಿ, ಎಂಜಿನ್ ಆರಿಸಲು ಡ್ರೈವರನಿಗೆ ಸನ್ನೆ ಮಾಡಿದರು.

ಒಳಗೆ ಬಂದು ಬಾಗಿಲ ಮುಂದೆ ನಿಂತೆ. ಮೂರು ಸಾಲುಗಳು ನನ್ನನ್ನೇ ನೋಡುತ್ತಿದ್ದವು. ಅಂಗಳದ ಕಡೆ ತಿರುಗಿದಾಗ ಒದ್ದೆ ಮಣ್ಣು ಕಂಡಿತು, ಆಗ ಹೊಳೆಯಿತು. ಮೊದಲ ಅಳತೆ ತೆಗೆದಾಗ ನೆಲ ಒಣಗಿತ್ತು. ಇನ್‌ಸ್ಪೆಕ್ಟರು ಅಳೆಯುವಾಗ ಮಳೆ ಬಂದು ನೆಲ ತೋಯ್ದಿತ್ತು. ಒದ್ದೆ ನೆಲ ತಡೆ ಕಡಿಮೆ ಮಾಡುತ್ತದೆ. ಮೊದಲ ಸಾಲಿನ ನೆ ಬೇರೆ, ಎರಡನೇ ಸಾಲಿನ ನೆ ಬೇರೆ. ಎರಡಕ್ಕೂ ಒಂದೇ ಅಕ್ಷರ ಬರೆದು, ಒಂದರಿಂದ ಒಂದನ್ನು ಕಳೆದು, ಹೋಯಿತು ಎಂದುಕೊಂಡಿದ್ದೆ. ಅದು ಹೋಗಿರಲಿಲ್ಲ. ಅದರ ವ್ಯತ್ಯಾಸ ಮೈಲಿಯ ವೇಷ ಹಾಕಿ ಉತ್ತರದೊಳಗೆ ಕುಳಿತಿತ್ತು. ಆರು ಮೈಲಿಯ ಉತ್ತರವೂ ಅಷ್ಟೇ, ಮಳೆಯ ನೀರು ಇಳಿಯುತ್ತ ಹೋದ ಹಾಗೆ ಅಲ್ಲೂ ನೆ ಜಾರುತ್ತಿತ್ತು.

ಎರಡು ತುದಿಯಿಂದಲೂ ಒಂದೇ ಗಳಿಗೆಯಲ್ಲಿ ಅಳೆಯಲಾಗದು. ಒಬ್ಬರು ಅಳೆಯುವಾಗ ಇನ್ನೊಬ್ಬರ ತುದಿ ಬಿಚ್ಚಿರಲೇಬೇಕು. ಒಂದೇ ದಾರಿ ಉಳಿದಿತ್ತು. ನಾನು ಅಳೆಯುವುದು, ಕೂಡಲೇ ಅವರು ಅಳೆಯುವುದು, ಕೂಡಲೇ ಮತ್ತೆ ನಾನು. ನನ್ನ ಎರಡು ಅಳತೆಗಳು ಹತ್ತಿರ ಹತ್ತಿರ ಬಂದರೆ ನಡುವೆ ನೆಲ ಹೆಚ್ಚು ಬದಲಾಗಿಲ್ಲವೆಂದು ಅರ್ಥ. ಎರಡರ ಸರಾಸರಿ ಹಿಡಿದರೆ ಅವರ ಅಳತೆಯ ಗಳಿಗೆಗೆ ಸರಿಹೋಗುತ್ತದೆ. ಮೇಲಿನ ತಂತಿಯಲ್ಲಿ ಕೂಗಿ ಕೂಗಿ ಇನ್‌ಸ್ಪೆಕ್ಟರಿಗೆ ಹೇಳಿದೆ.

"ತಿಳೀತು. ನೀವು, ನಾನು, ನೀವು," ಎಂದರು ಅವರು.

ಕೀಲಿ ಒತ್ತಿದೆ. ಮುಳ್ಳು ಸೊನ್ನೆಯ ಹತ್ತಿರ ಬಂದದ್ದು ನಿಲ್ಲಲಿಲ್ಲ. ಬಲಕ್ಕೆ ಹೋಯಿತು, ಬಂತು. ಮತ್ತೆ ಬಲಕ್ಕೆ ಹೋಗಿ ಅಲ್ಲೇ ಸ್ವಲ್ಪ ಹೊತ್ತು ನಿಂತು ಮರಳಿತು. ಪೆಟ್ಟಿಗೆಯ ಸ್ಕ್ರೂ ಸಡಿಲವೇ ಎಂದು ನೋಡಿದೆ. ಎಲ್ಲ ಬಿಗಿಯಾಗಿತ್ತು. ಗಾಳಿಯ ಓಲಾಟ ಹೀಗಿರುವುದಿಲ್ಲ. ಅಲ್ಲಿ ಯಾವುದೋ ಒಂದು ತಂತಿಯನ್ನು ನೆಲದಿಂದ ಎತ್ತುತ್ತಿತ್ತು, ಬಿಡುತ್ತಿತ್ತು.

ಪೋಸ್ಟ್‌ಮಾಸ್ತರರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. "ಎಂತ ಅದು?"

"ತಂತಿಯನ್ನು ಯಾರೋ ಆಡಿಸ್ತಾ ಇದ್ದಾರೆ."

"ಯಾರೋ ಅಂದ್ರೆ? ಅವನೇ ಅಲ್ವಾ? ಪರೀಕ್ಷೆ ಮಾಡ್ತಾರೆ ಅಂತ ಅವನಿಗೆ ಗೊತ್ತುಂಟು." ನನ್ನ ಉತ್ತರಕ್ಕೆ ಕಾಯದೆ ಜಗಲಿಗೆ ಹೋದರು. "ಅಮ್ಮಾ, ಇದ್ದಾನೆ. ತಂತಿ ಆಡಿಸ್ತಾ ಇದ್ದಾನೆ."

ಆ ಹೆಂಗಸು ಎದ್ದು ಬಾಗಿಲ ಬಳಿ ಬಂದು ನಿಂತರು. ಮುಳ್ಳು ಅವರಿಗೂ ಕಾಣುತ್ತಿತ್ತು.

ಫಾರೆಸ್ಟರು ಒಳಗೆ ಬಂದರು. "ಜೀವ ಉಂಟು ಅಂತಾದ್ರೆ ಮತ್ತೆ ಕಾಯುದೆಂತಕ್ಕೆ? ಈಚೆ ದಡಕ್ಕೆ ಹೋಗುವ. ಹಳ್ಳದವರೆಗೆ ಹುಡುಕಿಕೊಂಡು ಹೋಗುದು."

"ಈಚೆ ಅಂತ ಇನ್ನೂ ಗಟ್ಟಿ ಇಲ್ಲ. ಮುಳ್ಳು ನಿಲ್ಲದೆ ಅಳೆಯಲಿಕ್ಕೆ ಆಗುದಿಲ್ಲ."

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಮುಳ್ಳು ನಿಲ್ಲಬೇಕು. ನಿಲ್ಲುವುದೆಂದರೆ ಆ ಕೈ ನಿಲ್ಲುವುದು. ಅವನು ತನ್ನ ಜೀವ ತೋರಿಸುತ್ತಿರುವಷ್ಟು ಹೊತ್ತು ಅವನು ಎಲ್ಲಿದ್ದಾನೆಂದು ನನಗೆ ತಿಳಿಯದು. ತಿಳಿಯಬೇಕಾದರೆ ಅವನು ಸುಮ್ಮನಾಗಬೇಕು. ಬೆರಳು ಕೀಲಿಯ ಮೇಲೆಯೇ ಇತ್ತು. ಆ ಮುಳ್ಳು ನಿಲ್ಲದಿರಲಿ ಎಂದೂ ನಿಲ್ಲಲಿ ಎಂದೂ ಒಂದೇ ಉಸಿರಿನಲ್ಲಿ ಬೇಡಿಕೊಂಡೆ. ಅಂಥ ಭಯ ಅದಕ್ಕಿಂತ ಮುಂಚೆ ನನಗೆ ಗೊತ್ತಿರಲಿಲ್ಲ.

ಆಡುವುದು ನಿಧಾನವಾಯಿತು. ಒಮ್ಮೆ ಜೋರಾಗಿ ಬಲಕ್ಕೆ ಹೋಗಿ ಬಂತು. ಇನ್ನೊಮ್ಮೆ, ಸ್ವಲ್ಪ. ಆಮೇಲೆ ನಿಂತಿತು.

ಕಾದೆ. ಅಲುಗಲಿಲ್ಲ. ನಾನು ತಿರುಗಿ ಬಾಗಿಲಲ್ಲಿದ್ದ ಹೆಂಗಸನ್ನು ನೋಡಿದೆ.

"ತಂತಿ ಸರಿಯಾಗಿ ಕೂತಿತು ಅಕ್ಕ. ಇನ್ನು ಲೆಕ್ಕ ಆಗ್ತದೆ," ಎಂದೆ.

ಅವರು ತಲೆಯಾಡಿಸಿದರು.

ಅಳೆದೆ. ಮುನ್ನೂರ ನಲವತ್ತೊಂದು. ತುದಿ ಬಿಚ್ಚಿ ಮೇಲಿನ ತಂತಿಯಲ್ಲಿ "ನೀವು" ಎಂದೆ. ಕೂಡಲೇ ಉತ್ತರ ಬಂತು: ಮುನ್ನೂರ ಹದಿಮೂರು. ಮತ್ತೆ ನಾನು: ಮುನ್ನೂರ ನಲವತ್ತೈದು. ನೆಲ ಮೆಲ್ಲನೆ ಒಣಗುತ್ತಿತ್ತು, ನಾಲ್ಕೇ ಓಮಿನ ವ್ಯತ್ಯಾಸ. ಸರಾಸರಿ ಮುನ್ನೂರ ನಲವತ್ತಮೂರು.

ಬಾಗಿಲಿನ ಹಳೆ ಅಂಕಿಗಳನ್ನು ಅಂಗೈಯಿಂದ ಒರೆಸಿ ಹೊಸದಾಗಿ ಬರೆದೆ. ಕ ಮತ್ತು ನೆ ಮುನ್ನೂರ ನಲವತ್ತಮೂರು, ಸು ಮತ್ತು ನೆ ಮುನ್ನೂರ ಹದಿಮೂರು. ಕಳೆದಾಗ ನೆ ಈ ಸಲ ನಿಜವಾಗಿಯೂ ಹೋಯಿತು. ವ್ಯತ್ಯಾಸ ಮೂವತ್ತು. ಮೊತ್ತ ನೂರ ಎಂಬತ್ತು. ಎರಡನ್ನೂ ಕೂಡಿದರೆ ಇನ್ನೂರ ಹತ್ತು, ಅದರ ಅರ್ಧ ನೂರ ಐದು. ಏಳು ಮೈಲಿ.

ಕೈ ನಡುಗುತ್ತಿದ್ದುದರಿಂದ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೂ ಮಾಡಿ ನೋಡಿದೆ. ಕ ನೂರ ಐದಾದರೆ ಸು ಎಪ್ಪತ್ತೈದು, ನೆ ಇನ್ನೂರ ಮೂವತ್ತೆಂಟು. ಎಪ್ಪತ್ತೈದಕ್ಕೆ ಅದನ್ನು ಸೇರಿಸಿದರೆ ಮುನ್ನೂರ ಹದಿಮೂರು. ಮೂರೂ ಸಾಲು ಒಪ್ಪಿದವು.

"ಈಚೆ ದಡ. ಏಳನೇ ಮೈಲಿಯ ಹತ್ತಿರದ ಕಂಬ," ಎಂದೆ. "ನಾನೂ ಬರ್ತೇನೆ."

ಲಾರಿ ಕೂಪು ರಸ್ತೆಯ ಕೊನೆಗೆ ನಮ್ಮನ್ನು ಇಳಿಸಿತು. ಅಲ್ಲಿಂದ ತಂತಿಯ ಸಾಲು ಹಿಡಿದು ನಡೆಯಬೇಕು. ಮುಂದೆ ಇಬ್ಬರು ಗಾರ್ಡುಗಳು ಕತ್ತಿ ಬೀಸುತ್ತ ದಾರಿ ಬಿಡಿಸಿದರು. ಅವರ ಹಿಂದೆ ಫಾರೆಸ್ಟರು, ಆಮೇಲೆ ನಾನು ಮತ್ತು ಹೊರಲು ಬಂದ ನಾಲ್ಕು ಜನ. ಕಂಬಕ್ಕೆ ಹೊಡೆದ ತಗಡಿನ ನಂಬರುಗಳನ್ನು ಓದುತ್ತ ಹೋದೆ. ಎಷ್ಟೋ ಕಂಬಗಳನ್ನು ಬಳ್ಳಿ ಮುಚ್ಚಿತ್ತು. ಉತ್ತರ ತಪ್ಪಾಗಿದ್ದರೆ ಎಂಬ ಯೋಚನೆ ಪ್ರತಿ ಕಂಬದಲ್ಲೂ ಬಂತು. ಸರಿಯಾಗಿದ್ದರೆ ಎಂಬ ಯೋಚನೆ ಅದಕ್ಕಿಂತ ಹೆಚ್ಚು ಹೆದರಿಸಿತು. ಅಲ್ಲಿ ಏನು ನೋಡಬೇಕಾಗಬಹುದೋ.

ಮುಂದಿನ ಗಾರ್ಡು ಕೈ ಎತ್ತಿದ. ಎಲ್ಲರೂ ನಿಂತೆವು. ದಾರಿಯ ನಡುವೆ ಆನೆಯ ಲದ್ದಿ, ಇನ್ನೂ ಹಬೆಯಾಡುತ್ತಿತ್ತು. ಅವನು ಬಗ್ಗಿ ನೋಡಿ ಪಿಸುಗುಟ್ಟಿದ: "ಈಗ ಹೋದದ್ದು. ಕೆಳಗೆ, ಹಳ್ಳಕ್ಕೆ ಇಳ್ದಿದೆ."

ಅಲ್ಲಿಂದ ಮುಂದೆ ಕತ್ತಿ ಬೀಸಲಿಲ್ಲ. ಪೊದೆಗಳನ್ನು ಕೈಯಲ್ಲೇ ಸರಿಸಿ ನುಸುಳಿದೆವು. ಮೂರು ಕಂಬ ದಾಟಿದ ಮೇಲೆ ನಾಲ್ಕನೆಯದು ಇರಲಿಲ್ಲ. ಅದು ಬುಡದಲ್ಲಿ ಮುರಿದು ಇಳಿಜಾರಿಗೆ ಅಡ್ಡ ಬಿದ್ದಿತ್ತು. ಮೇಲಿನ ತಂತಿ ಒಂದು ಮರದ ಕವಲಿಗೆ ಸಿಕ್ಕಿ ನಿಂತಿತ್ತು, ಕೆಳಗಿನದು ಕಲ್ಲಿನ ಮೇಲೆ ಮಲಗಿತ್ತು. ಕಂಬದ ಅಡಿಯಲ್ಲಿ ಒಂದು ಖಾಕಿ ಚಡ್ಡಿ, ಒಂದು ಕಾಲು.

ನಾನು ಹತ್ತಿರ ಹೋಗಿ ಕುಳಿತೆ. ಕಣ್ಣು ತೆರೆದಿತ್ತು. ನೋಡುತ್ತಿರುವಾಗಲೇ ಅದು ನನ್ನ ಕಡೆ ತಿರುಗಿತು.

"ಮೆಲ್ಲ," ಎಂದ ಅವನು. ತುಟಿ ಒಡೆದು ಕರಿಗಟ್ಟಿತ್ತು. "ಹೋಯ್ತಾ ಅದು?"

"ಹೋಯ್ತು. ಹಳ್ಳಕ್ಕೆ ಇಳೀತು."

ಅವನ ಕಣ್ಣಿಂದ ನೀರು ಕಿವಿಯ ಕಡೆಗೆ ಹರಿಯಿತು. ನೀರು ಕುಡಿಸಿದೆವು. ತೊಡೆಯ ಎಲುಬು ಮುರಿದಿತ್ತು. ಕೈಫೋನು ಅವನ ಕೆಳಗೇ ಬಿದ್ದು ಚೂರಾಗಿತ್ತು. ನಾಲ್ಕು ಜನ ಸೇರಿ ಕಂಬ ಎತ್ತುವಾಗ ಅವನು ತೋಳನ್ನು ಬಾಯಿಗೆ ಅಡ್ಡ ಹಿಡಿದು ಕಚ್ಚಿಕೊಂಡ, ಕೂಗಲಿಲ್ಲ. ಕಾಲಿಗೆ ಕೋಲು ಕಟ್ಟಿ ಕಂಬಳಿಯಲ್ಲಿ ಮಲಗಿಸಿದ ಮೇಲೆ ನಾನು ಹೇಳಿದೆ.

"ತಂತಿ ಆಡಿಸಿದ್ದು ಒಳ್ಳೇದಾಯ್ತು. ನಮಗೆ ಅಲ್ಲಿ ಕಾಣ್ತಿತ್ತು."

"ನಾನಾ?" ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ನಾನು ಬೆರಳು ಆಡಿಸ್ಲಿಲ್ಲ. ಅದು ಬಂದು ಇಲ್ಲಿ ನಿಂತಿತ್ತು. ಒಂದೇ ಆನೆ, ಕೊಂಬಿನದ್ದು. ತಂತಿಯನ್ನು ಸೊಂಡಿಲಲ್ಲಿ ಎತ್ತುದು, ಬಿಡುದು. ಎತ್ತುದು, ಬಿಡುದು. ನಾನು ಉಸಿರು ಹಿಡ್ಕೊಂಡು ಬಿದ್ದಿದ್ದೆ. ಆಡಿಸುದು ನಿಲ್ಲಿಸಿದ ಮೇಲೂ ಇಲ್ಲೇ ನಿಂತಿತ್ತು. ಈಗ ಅದು ಹೋಗುವವರೆಗೆ ನನಗೆ ಜೀವ ಇರ್ಲಿಲ್ಲ."

ಫಾರೆಸ್ಟರು ನನ್ನ ಮುಖ ನೋಡಿದರು. ಮುಳ್ಳು ಆಡುತ್ತಿದ್ದಾಗ ಅವರ ಮಾತು ಕೇಳಿ ಹೊರಟಿದ್ದರೆ ನಾವು ಕತ್ತಿ ಬೀಸುತ್ತ, ಅವನ ಹೆಸರು ಕೂಗುತ್ತ ನೇರ ಆ ಆನೆಯ ಮುಂದೆ ಬರುತ್ತಿದ್ದೆವು. ಬಿಸಿಲು ಇಳಿಯುತ್ತಿತ್ತು. ಕಂಬಳಿಯ ಮೂಲೆಗಳನ್ನು ಹಿಡಿದು ಹೊರಟೆವು.

ಕಡಬದಲ್ಲಿ ಲಾರಿ ನಿಂತಾಗ ಅವನ ಹೆಂಡತಿ ಅಂಗಳಕ್ಕೆ ಬಂದು, ಹಿಂದಿನ ಹಲಗೆ ಇಳಿಸುವವರೆಗೆ ದೂರದಲ್ಲೇ ನಿಂತರು. ಅವನು ಕೈ ಸ್ವಲ್ಪ ಎತ್ತಿದ. ಆಗ ಅವರು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಎಬ್ಬಿಸಿ ಲಾರಿಗೆ ಹತ್ತಿಸಿ ಇಬ್ಬರನ್ನೂ ಪುತ್ತೂರಿನ ಆಸ್ಪತ್ರೆಗೆ ಕಳಿಸಿದೆವು.

ಅವನ ಕಾಲು ಕೂಡಿಬರಲು ತಿಂಗಳುಗಳು ಬೇಕಾದವು. ಪುತ್ತೂರಿನಲ್ಲಿದ್ದಾಗಲೆಲ್ಲ ನಾನು ಹೋಗಿ ನೋಡಿ ಬರುತ್ತಿದ್ದೆ. ಒಂದು ದಿನ ಅವನು ನಿದ್ದೆ ಮಾಡಿದ್ದ. ಹೆಂಡತಿ ಹೊರಗಿನ ಬೆಂಚಿನಲ್ಲಿ ಕುಳಿತು ಗಂಜಿಯ ಪಾತ್ರೆ ತೊಳೆದಿಡುತ್ತಿದ್ದರು. ಆನೆಯ ವಿಷಯ ಅವನೇ ಅವರಿಗೆ ಹೇಳಿದ್ದನಂತೆ. ಆ ದಿನದ ಮಾತು ಬಂತು.

"ಮುಳ್ಳು ನಿಂತಾಗ ನೀವು ನನ್ನ ಕಡೆ ತಿರುಗಿ ನೋಡಿದ್ರಿ ಅಲ್ವಾ ಅಣ್ಣ," ಎಂದರು. "ಆಗ ನಿಮ್ಮ ಮುಖ ನೋಡಿಯೇ ನನಗೆ ಗೊತ್ತಾಯ್ತು, ಇವರು ಹೋದ್ರು ಅಂತ. ಲಾರಿ ವಾಪಸು ಬರುವವರೆಗೆ ಹಾಗೇ ಕೂತಿದ್ದೆ."

"ಕೇಳಬಹುದಿತ್ತಲ್ಲ ಅಕ್ಕ," ಎಂದೆ.

ಅವರು ಪಾತ್ರೆಯನ್ನು ಬೋರಲು ಹಾಕಿ ಸೆರಗಿನಿಂದ ಕೈ ಒರೆಸಿಕೊಂಡರು.

"ಕೇಳಿದ್ರೆ ನಿಮ್ಮ ಕೈ ಇನ್ನಷ್ಟು ನಡುಗ್ತಿತ್ತು. ಲೆಕ್ಕ ಆಗ್ಬೇಕಿತ್ತಲ್ಲ."